ಮೇಲ್ಬಾಗು

ಮೂವತ್ತೊಂದು ವರ್ಷ ನಾನು
ಅಳತೆಯವರ ಕಣ್ಣಲ್ಲಿ ತಲೆಕೆಳಗಾಗಿ ನಿಂತವನು.
ಹಳೇ ದುರ್ಬೀನಿನ ಗುಣವೇ ಅದು:
ಆಕಾಶ ಅಡಿಗೆ, ರಸ್ತೆ ಮೇಲಕ್ಕೆ, ನಡುವೆ
ಕೆಂಪು ಕಪ್ಪು ಅಂಕಿಯ ಕೋಲು ಹಿಡಿದು
ಬಾವಲಿಯ ಹಾಗೆ ಗುತ್ಯಪ್ಪ.

"ಅಲ್ಲಾಡಬೇಡವೋ" ಅನ್ನುತ್ತಿದ್ದರು ವಾದಿರಾಜ ಸಾಹೇಬರು
ನೂರು ಹೆಜ್ಜೆ ಆಚೆ, ಕೊಡೆಯ ನೆರಳಲ್ಲಿ.
ಮೀನಖಂಡಕ್ಕೆ ಹತ್ತಿದ ಉಂಬಳ
ಉಂಡು, ಉಬ್ಬಿ, ತಾನಾಗಿ ಉದುರುವವರೆಗೂ
ಅಲ್ಲಾಡುತ್ತಿರಲಿಲ್ಲ.

ತೀರ್ಥಹಳ್ಳಿ ಸೇತುವೆಯಿಂದ ಆಗುಂಬೆಯ ತುದಿಗೆ
ಹಿಂದಕ್ಕೊಂದು ನೋಟ, ಮುಂದಕ್ಕೊಂದು ನೋಟ,
ಕಲ್ಲಿನಿಂದ ಕಲ್ಲಿಗೆ, ಒಂದು ಬೇಸಿಗೆ ಪೂರ್ತಿ.
ಕೊನೆಯ ಗುರುತುಕಲ್ಲಿನ ಮೇಲೆ ಕೋಲಿಟ್ಟಾಗ
ಲೆಕ್ಕ ಹನ್ನೆರಡು ಮಿಲಿಮೀಟರ್ ಹೆಚ್ಚು ಬಂತು.
ಬ್ರಿಟಿಷರ ಕಾಲದ ಪುಸ್ತಕದಲ್ಲಿದ್ದ ಎತ್ತರಕ್ಕಿಂತ
ಒಂದು ಬೆರಳಿಗೂ ಕಮ್ಮಿ. ಆದರೂ ಹೆಚ್ಚು.

ಸಾಹೇಬರು ಪೆನ್ಸಿಲ್ ಕಚ್ಚಿದರು.
ನನ್ನನ್ನು ನೋಡಿದರು, ದುರ್ಬೀನಿಲ್ಲದೆ, ನೆಟ್ಟಗೆ.
ಷರಾ ಬರೆದರು: ಕೋಲಿನವನ ಅಜಾಗರೂಕತೆ.
ಆಮೇಲೆ ಆ ಹನ್ನೆರಡನ್ನು ದಾರಿಯ ಅಷ್ಟೂ ಕಲ್ಲಿಗೆ
ಹಂದಿ ಬೇಟೆಯ ಪಾಲು ಹಾಕಿದ ಹಾಗೆ ಹಂಚಿ
ಇಲ್ಲವಾಗಿಸಿಬಿಟ್ಟರು.
ನನ್ನ ಆ ತಿಂಗಳ ಭತ್ಯೆಯೂ ಇಲ್ಲವಾಯಿತು.

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು.
ನಾನು ಬಗ್ಗಿದೆ.

ಮನೆಯಲ್ಲಿ ಹೇಳಿದರೆ ಕೊರಪೊಳು ನಕ್ಕಳು.
ಅವಳು ಘಟ್ಟದ ಕೆಳಗಿನವಳು, ಸೋಮೇಶ್ವರದ ಕಡೆ.
ಮದುವೆಯ ದಿಬ್ಬಣದ ಲಾರಿ ಹತ್ತುವಾಗ
ಏಳನೇ ತಿರುವಿಗೆ ಗುಂಯ್ ಎಂದು ಮುಚ್ಚಿದ ಕಿವಿ
ಇನ್ನೂ ಪೂರಾ ತೆರೆದಿಲ್ಲ ಅನ್ನುವವಳು.
"ನಾನು ಹತ್ತಿದ್ದಕ್ಕೆ ನನ್ನ ಕಿವಿ ಸಾಕ್ಷಿ.
ನಿಮ್ಮ ಕಲ್ಲಿಗೆ ಯಾರು?"

ನಿವೃತ್ತಿಯಾಗಿ ಆರು ವರ್ಷಕ್ಕೆ ಒಬ್ಬ ಹುಡುಗಿ ಬಂದಳು,
ಭದ್ರಾವತಿಯ ಶಾಹೀನಾ, ಸೊಂಟದಲ್ಲಿ ಸುತ್ತಿಗೆ.
ಹಳೇ ಗುರುತುಕಲ್ಲು ಎಲ್ಲಿ ಅಂತ ಕೇಳಿದಳು.
ತೋರಿಸಿದೆ. ಗೂಡಂಗಡಿಯವನು ಅದರ ಮೇಲೆ
ಸೀಮೆಎಣ್ಣೆ ಸ್ಟವ್ ಇಟ್ಟುಕೊಂಡಿದ್ದ.
ಸ್ಟವ್ ಇಳಿಸಿ, ಕಲ್ಲಿನ ಕಾವು ಆರುವ ತನಕ
ಬೆಂಚಿನ ಮೇಲಿನ ಕಂಬಳಿ ಎಳೆದುಕೊಂಡು
ಅದರಡಿ ಅಂಗೈ ತೂರಿಸಿ ನಿಧಾನ ಎತ್ತಿದಳು.

"ಮುರಿಯೋದಿಲ್ಲ ಅಜ್ಜಾ, ಮಡಚೋದೂ ಇಲ್ಲ.
ನೂರಾರು ಮೈಲಿ ಅಗಲಕ್ಕೆ ನೆಲ ಸುಮ್ಮನೆ
ಮೇಲಕ್ಕೆ ಬಾಗುತ್ತೆ.
ಈ ಪಡುವಣ ಅಂಚು ಎದ್ದಿದ್ದಕ್ಕೇ ತುಂಗೆ,
ಕಡಲು ಇಷ್ಟು ಹತ್ತಿರ ಇದ್ದೂ,
ಬೆನ್ನು ಹಾಕಿ ಮೂಡಲಿಗೆ ಹೊರಟಿದ್ದು."

ಮೇಲಕ್ಕೆ ಬಾಗುವುದು!
ನಾನು ಕಂಡ ಬಾಗುವುದೆಂದರೆ ತೆನೆ, ಬೆನ್ನು, ತಲೆ.
ಬಾಗಿದ್ದೆಲ್ಲ ನೆಲದ ಕಡೆಗೇ.
ನೆಲವೇ ಬಾಗಿದರೆ
ಯಾರಿಗೆ ಆ ನಮಸ್ಕಾರ?
ಗುದ್ದು ಕೆಳಗಿನಿಂದ ಬಿದ್ದರೆ
ಬಗ್ಗುವುದು ಹೀಗೂ ಉಂಟೇನು?

ಹನ್ನೆರಡರ ಕಥೆ ಹೇಳಿದೆ.
ಅವಳು ಹೌದೆನ್ನಲಿಲ್ಲ. "ಅಷ್ಟು ಬೇಗ ಏಳೋದಲ್ಲ ಅದು,
ಲಕ್ಷ ಕೋಟಿ ವರ್ಷದ ಬಾಬತ್ತು. ಕೋಲು ವಾಲಿರಲೂಬಹುದು."
ಮತ್ತೆ ನನ್ನ ಮುಖ ನೋಡಿ,
"ವಾಲದೆಯೂ ಇರಬಹುದು."
ಹುಡುಗಿ ಒಳ್ಳೆಯವಳು. ಚಹಾದ ದುಡ್ಡೂ ಅವಳೇ ಕೊಟ್ಟಳು.

ರಾತ್ರಿ ಕೊರಪೊಳು ಎಲ್ಲ ಕೇಳಿಸಿಕೊಂಡು,
ಸರಿಯಿರುವ ಕಿವಿ ನನ್ನ ಕಡೆ ಮಾಡಿ ಕೇಳಿದಳು:
"ಹಾಗಾದರೆ ನನ್ನ ತವರು
ಇನ್ನೂ ಕೆಳಗೆ ಹೋಗ್ತಾ ಉಂಟಾ?"
ಬೆರಳು ತೋರಿಸಿದೆ. ಇಷ್ಟಕ್ಕಿಂತ ಕಮ್ಮಿ ಎಂದೆ.
ಅವಳು ಆ ಬೆರಳು ಹಿಡಿದುಕೊಂಡು
ಬಹಳ ಹೊತ್ತು ಬಿಡಲಿಲ್ಲ.

ಬೆಳಿಗ್ಗೆ ಹೋಗಿ ಕಲ್ಲಿನ ಮೇಲೆ ನಾನೇ ಹತ್ತಿ ನಿಂತೆ.
ಕೋಲಿಲ್ಲ, ಎದುರು ದುರ್ಬೀನಿಲ್ಲ,
ಉಡುಪಿಯಿಂದ ಹತ್ತಿ ಬಂದ ಮೀನಿನ ಲಾರಿ ಮಾತ್ರ
ಏದುಸಿರು ಬಿಡುತ್ತ ನೀರು ಕುಡಿಯುತ್ತಿತ್ತು.
ಅಲ್ಲಾಡಲಿಲ್ಲ.

"ಇಳಿ ಅಜ್ಜಾ, ಸ್ಟವ್ ಹಚ್ಚಬೇಕು."

ಇಳಿದೆ.
ಎಷ್ಟು ಇಳಿದೆ ಅಂತ
ಯಾರೂ ಬರೆದುಕೊಳ್ಳಲಿಲ್ಲ.